ಒಂಬತ್ತೂ ಚೆನ್ನಾಗಿವೆ

ಮಾರ್ಚ್ ೪, ಮಂಗಳವಾರ

ಭಾವಮೈದನಿಗೆ,

ಅಲ್ಲ, ವಾಸನೆ ಬರಬೇಕಿತ್ತಲ್ಲ ಎಂಬುದಷ್ಟೇ ನನ್ನ ಪ್ರಶ್ನೆ. ಅಮೋನಿಯಾ ಈಸ್ ಎ ಕಲರ್‌ಲೆಸ್ ಗ್ಯಾಸ್ ವಿತ್ ಎ ಪಂಜೆಂಟ್ ಸ್ಮೆಲ್. ಕಾಲೇಜಿನಲ್ಲಿ ಒಂದು ವರ್ಷ ವಿಜ್ಞಾನ ಓದಿ, ಫೇಲಾಗಿ, ಟೈಪಿಂಗ್ ಕಡೆ ಹೊರಳಿದವನಿಗೆ ಉಳಿದದ್ದು ಇದೊಂದೇ ವಾಕ್ಯ. ಪಂಜೆಂಟ್ ಎಂದರೆ ಮೂಗಿಗೆ ರಾಚುವುದು ತಾನೇ? ದಿನಕ್ಕೆ ನಾಲ್ಕು ಸಲ ಮೀನಿನ ತೊಟ್ಟಿಯ ಮುಚ್ಚಳ ತೆಗೆದು ಮೂಗು ತೂರಿಸಿ ನೋಡುತ್ತೇನೆ. ಏನೂ ರಾಚುವುದಿಲ್ಲ. ಒದ್ದೆ ಕಲ್ಲಿನ ವಾಸನೆ, ಅಷ್ಟೆ. ಆದರೂ ಮೀನಂಗಡಿಯವನು ಪಟ್ಟು ಬಿಡುವುದಿಲ್ಲ.

"ಅಮೋನಿಯಾನೇ ಸಾರ್, ಬೇರೇನೂ ಅಲ್ಲ."

"ವಾಸನೆ ಇಲ್ವಲ್ಲಯ್ಯ?"

"ನಿಮ್ಮ ಮೂಗಿಗೆ ಬರೋವಷ್ಟಾದ್ರೆ ಮೀನಿನ ಜೊತೆ ನೀವೂ ಇರಲ್ಲ ಸಾರ್."

ಇದನ್ನೇ ಭಾನುವಾರ ಫೋನಿನಲ್ಲಿ ನಿನಗೆ ಹೇಳಲು ಹೋದೆ. ನಾನು ಕಿರುಚಿದ್ದು ಕೆಳಗಿನ ಮನೆಯವರಿಗೆ ಕೇಳಿಸಿ ಅವರು ಬಾಗಿಲು ತಟ್ಟಿದರು, ನಿನಗೆ ಮಾತ್ರ ಕೇಳಿಸಲಿಲ್ಲ. ಕಿವಿಗೆ ಆ ಯಂತ್ರ ಹಾಕಿಕೋ ಎಂದರೆ ಡ್ರಾಯರಿಗೆ ಹಾಕುತ್ತೀಯ. ಇರಲಿ, ನನ್ನ ಗಂಟಲಾದರೂ ಉಳಿಯಲಿ ಎಂದು ಈ ಕಾಗದ.

ನಿನ್ನಕ್ಕನ ನೋಟ್‌ಬುಕ್ಕಿನಲ್ಲಿ ಹೇಗಿದೆಯೋ ಹಾಗೇ ಮಾಡುತ್ತಿದ್ದೇನೆ. ಶನಿವಾರ ಸಂಜೆ ನಲ್ಲಿಯ ನೀರನ್ನು ಎರಡು ಬಕೆಟ್ ಹಿಡಿದು, ಮುಚ್ಚದೆ ಬಚ್ಚಲಲ್ಲಿ ಇಡುವುದು. ಭಾನುವಾರ ತೊಟ್ಟಿಯಿಂದ ಎರಡು ಬಕೆಟ್ ತೆಗೆದು ಇದನ್ನು ಸುರಿಯುವುದು. ಹನ್ನೊಂದು ವರ್ಷ ಅವಳು ಮಾಡಿದ್ದು ಇಷ್ಟೆ. ಅವಳು ಹೋಗಿ ಎಂಟು ತಿಂಗಳು, ನಾನೂ ಅಷ್ಟೇ ಮಾಡಿದ್ದು. ಈಗ ಹದಿನೈದು ದಿನದಿಂದ ಮೀನುಗಳು ಯಾಕೋ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಹೆಡ್‌ಕ್ಲರ್ಕ್ ಅಂತೂ ತಳದಲ್ಲಿ ಒರಗಿ ಮಲಗುತ್ತಾನೆ. ಗೊತ್ತಲ್ಲ, ಎಲ್ಲಕ್ಕಿಂತ ಹಿರಿಯ, ಹೊಟ್ಟೆ ಬಿಟ್ಟುಕೊಂಡು ಏನೂ ಕೆಲಸ ಮಾಡದೆ ಎಲ್ಲರನ್ನೂ ನೋಡುವವನು. ಅವನಿಗೆ ಆ ಹೆಸರಿಟ್ಟವಳು ನಿನ್ನಕ್ಕ. ನಮ್ಮ ಆಫೀಸಿಗೆ ಒಮ್ಮೆ ಬಂದಿದ್ದಳು, ಅಲ್ಲಿ ನೋಡಿದ್ದಳು.

ಗಾಬರಿಯಾಗಬೇಡ. ಸ್ವಲ್ಪ ಮಂಕು, ಅಷ್ಟೆ. ಒಂಬತ್ತೂ ಚೆನ್ನಾಗಿವೆ. ನೀರಿನ ಪ್ಲಾಂಟಿನಲ್ಲಿ ತಲೆ ನೆರೆಸಿಕೊಂಡವನು ನೀನು. ನೀರಿಗೆ ಏನಾಗಿದೆ, ಬರೆ.

ನಿನ್ನ ಭಾವ


ಮಾರ್ಚ್ ೬, ಗುರುವಾರ

ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆದಿಟ್ಟರೆ ಎದೆ ಹಗುರವಾದೀತು ಎಂದು ಬರೆಯುತ್ತಿದ್ದೇನೆ.

ಒಂಬತ್ತು ಅಲ್ಲ, ಏಳು. ಒಂದು ಕಳೆದ ವಾರ, ಇನ್ನೊಂದು ನಿನ್ನೆ. ಬಾಲ್ಕನಿಯ ಹೂಕುಂಡದಲ್ಲಿ ಚಮಚದಿಂದ ಮಣ್ಣು ತೋಡಿ ಮುಚ್ಚಿದೆ.

ನಿನಗೆ ಹೇಗೆ ಹೇಳಲಿ? ಅವಳು ಹೋದ ಮೂರನೇ ದಿನ, ನಾನಿನ್ನೂ ಅವಳ ಚಪ್ಪಲಿಯನ್ನು ಬಾಗಿಲ ಬಳಿಯಿಂದ ಎತ್ತಿರಲಿಲ್ಲ, ನೀನು ಬಂದು ಕೇಳಿದೆ: "ಭಾವ, ಮೀನು ನಾನು ತಗೊಂಡು ಹೋಗ್ಲಾ?" ಅವಳ ಒಡವೆ ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ. ಈ ಮನೆಯಲ್ಲಿ ಅವಳು ಬಿಟ್ಟುಹೋದದ್ದರಲ್ಲಿ ಇನ್ನೂ ಉಸಿರಾಡುತ್ತಿದ್ದದ್ದು ಅದೊಂದೇ. "ಯಾಕೆ, ನನ್ನ ಕೈಲಿ ಆಗಲ್ಲ ಅಂತಲಾ?" ಎಂದೆ. ನೀನು ಬಸ್ಸಿಗೆ ಹೋದೆ. ಈಗ ಎರಡು ಸತ್ತವು ಎಂದು ಬರೆದರೆ, ನಾಳೆಯೇ ಬಕೆಟ್ ಹಿಡಿದು ಬಂದು ನಿಲ್ಲುತ್ತೀಯ.


ಮಾರ್ಚ್ ೧೦, ಸೋಮವಾರ

ಭಾವ,

ಕಾಗದ ತಲುಪಿತು. ಮೂವತ್ತೊಂದು ವರ್ಷ ಒಂದಿಡೀ ಊರಿಗೆ ನೀರು ಶುದ್ಧ ಮಾಡಿ ಕುಡಿಸಿದ ನನ್ನನ್ನು ಬಿಟ್ಟು ಮೀನಂಗಡಿಯವನನ್ನು ಮೊದಲು ಕೇಳಿದಿರಲ್ಲ, ನಾನು ಅಷ್ಟು ದೂರದವನಾದೆನೆ?

ನಲ್ಲಿ ನೀರಿನಲ್ಲಿ ಅಮೋನಿಯಾ ಇರುವುದಿಲ್ಲ. ಬರೆದಿಟ್ಟುಕೊಳ್ಳಿ. ಇರುವುದು ಕ್ಲೋರಿನ್. ಒಂದು ದಿನ ಬಾಯಿ ತೆರೆದು ಇಟ್ಟರೆ ಅದು ಹಾರಿಹೋಗುತ್ತದೆ. ಅಕ್ಕನಿಗೆ ಅದನ್ನು ಹೇಳಿಕೊಟ್ಟವನೇ ನಾನು. ಅಮೋನಿಯಾ ಏನಾದರೂ ಇದ್ದರೆ ಅದು ಮೀನಿನದೇ ಹೊಲಸಿನಿಂದ ಆದದ್ದು. ಆದ್ದರಿಂದ ವಾರಕ್ಕೆ ಒಮ್ಮೆ ಸಾಲದು, ದಿನಾ ಅರ್ಧ ತೊಟ್ಟಿ ನೀರು ತೆಗೆದು ಹೊಸದು ಹಾಕಿ. ಒಳಗೆ ಗುಳ್ಳೆ ಬಿಡುವ ಸ್ಪಂಜಿನ ಫಿಲ್ಟರ್ ಇದೆಯಲ್ಲ, ಅದು ಲೋಳೆ ಹಿಡಿದಿರುತ್ತದೆ. ನಮ್ಮ ಪ್ಲಾಂಟಿನಲ್ಲಿ ಮರಳಿನ ಫಿಲ್ಟರಿಗೆ ಕೆಳಗಿನಿಂದ ನೀರು ಹಾಯಿಸಿ ದಿನಾ ತೊಳೆಯುತ್ತಿದ್ದೆವು. ನನ್ನ ಪಾಳಿಯಲ್ಲಿ ಕೊಳಕು ಫಿಲ್ಟರ್ ಯಾರೂ ನೋಡಿಲ್ಲ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಇಳಿಯುವ ನೀರು ತಿಳಿಯಾಗುವವರೆಗೆ ಹಿಂಡಿ. ದಿನಾ.

ಅಕ್ಕನ ಹತ್ತಿರ ಅಮೋನಿಯಾ ಪರೀಕ್ಷೆಯ ಡಬ್ಬಿ ಇತ್ತು. ಕೊಳವೆಯಲ್ಲಿ ತೊಟ್ಟಿಯ ನೀರು ಹಾಕಿ ಎರಡೂ ಸೀಸೆಯಿಂದ ಹನಿ ಹಾಕುವುದು. ಹಳದಿ ಉಳಿದರೆ ಅಮೋನಿಯಾ ಇಲ್ಲ, ಹಸಿರಾದಷ್ಟೂ ಜಾಸ್ತಿ. ಹಗಲು ಬೆಳಕಲ್ಲಿ, ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ದೀಪದ ಬೆಳಕು ಮೋಸ ಮಾಡುತ್ತದೆ. ಬಣ್ಣ ಯಾವುದು, ಬರೆಯಿರಿ.

ಒಂದಾದರೂ ಸತ್ತಿದ್ದರೆ ನಾನು ಬೇರೆ ರೀತಿ ಯೋಚಿಸುತ್ತಿದ್ದೆ. ಒಂಬತ್ತೂ ಚೆನ್ನಾಗಿವೆ ಎಂದಿದ್ದೀರಿ, ಹಾಗಾಗಿ ಇಷ್ಟು ಸಾಕು.

ನಿಮ್ಮ ಮೈದುನ


ಮಾರ್ಚ್ ೧೫, ಶನಿವಾರ

ಭಾವಮೈದನಿಗೆ,

ಯುವರ್ ಇನ್‌ಸ್ಟ್ರಕ್ಷನ್ಸ್ ಕಂಪ್ಲೈಡ್ ವಿತ್. ದಿನಾ ನಾಲ್ಕು ಬಕೆಟ್ ಹೊರಗೆ, ನಾಲ್ಕು ಬಕೆಟ್ ಒಳಗೆ. ಬಚ್ಚಲಿನಿಂದ ಮುಂದಿನ ಕೋಣೆಗೆ ಹದಿನಾರು ಹೆಜ್ಜೆ. ಸೊಂಟ ನನ್ನದೇ ಆದರೂ ಈಗ ನನ್ನ ಮಾತು ಕೇಳುತ್ತಿಲ್ಲ. ಸ್ಪಂಜನ್ನು ಹೇಗೆ ಹಿಂಡಿದ್ದೇನೆಂದರೆ ಅಂಗಡಿಯಿಂದ ಈಗ ತಂದಂತಿದೆ. ಮೀನಂಗಡಿಯವನು ಕ್ಲೋರಿನ್ ಮುರಿಯುವ ಹನಿ ಎಂದು ಒಂದು ಸೀಸೆಯನ್ನೂ ಕೊಟ್ಟ, ಅದನ್ನೂ ಹಾಕುತ್ತಿದ್ದೇನೆ.

ಇನ್ನು ಬಣ್ಣ. ಇದೇ ತಲೆನೋವು. ಜನವರಿಯಲ್ಲಿ ಯಾರೋ ಬಾಗಿಲಡಿ ತೂರಿಸಿದ್ದ ಒಂದು ಕಾಗದವಿತ್ತು. ಅದರ ಹಿಂಬದಿ ಅಚ್ಚ ಬಿಳಿ. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಹಾಸಿ ಕೊಳವೆ ನಿಲ್ಲಿಸಿದೆ. ಮೇಲ್ಮನೆಯ ಟೈಲರಮ್ಮ ಮೆಟ್ಟಿಲಿಳಿಯುತ್ತಿದ್ದರು, ಕರೆದು ತೋರಿಸಿದೆ.

"ಹಸಿರಲ್ವಾ ಅಂಕಲ್. ತಿಳಿಹಸಿರು."

ಲಿಫ್ಟ್ ರಿಪೇರಿಯವನು ಸ್ಕ್ರೂ ಹಲ್ಲಲ್ಲಿ ಕಚ್ಚಿಕೊಂಡೇ ಇಣುಕಿದ. "ಎಲ್ಲಮ್ಮಾ ಹಸಿರು? ಹಳದಿ. ಸ್ವಲ್ಪ ಹಳೇ ಹಳದಿ."

"ದಿನಾ ಬಟ್ಟೆ ನೋಡೋಳು ನಾನಾ ನೀವಾ?"

"ದಿನಾ ವೈರ್ ನೋಡೋನು ನಾನು. ಬಣ್ಣ ತಪ್ಪಿದ್ರೆ ನಿಮಗೆ ಬ್ಲೌಸ್ ಹೋಗುತ್ತೆ, ನನಗೆ ಜೀವ ಹೋಗುತ್ತೆ."

ಟೈಲರಮ್ಮ ನನ್ನ ಕಡೆ ತಿರುಗಿ, "ನಿಮಗೆ ಹೇಗೆ ಕಾಣ್ಸುತ್ತೆ ಅಂಕಲ್?" ಎಂದರು. ನಾನು ಕನ್ನಡಕ ತರಲು ಒಳಗೆ ಹೋದೆ.

ಇವರ ಜಗಳ ಕಟ್ಟಿಕೊಂಡು ನನಗೇನು? ನಿನ್ನಕ್ಕನ ಕಸೂತಿ ಪೆಟ್ಟಿಗೆ ತೆಗೆದು, ಒಂದೊಂದೇ ದಾರವನ್ನು ಕೊಳವೆಯ ಪಕ್ಕ ಹಿಡಿದು, ಸರಿಯಾಗಿ ಹೊಂದುವ ದಾರ ಹುಡುಕಿದೆ. ಒಂದು ತುಂಡನ್ನು ಈ ಕಾಗದಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದೇನೆ. ಆಕ್ಯುರೇಟ್. ನೋಡಿಕೊಂಡು ಎಷ್ಟು ಅಮೋನಿಯಾ ಎಂದು ಹೇಳು.

ಹೆಡ್‌ಕ್ಲರ್ಕ್ ಚೆನ್ನಾಗಿದ್ದಾನೆ. ಉಳಿದವೂ.

ನಿನ್ನ ಭಾವ


ಮಾರ್ಚ್ ೨೦, ಗುರುವಾರ

ಭಾವ,

ದಾರ ಸಿಕ್ಕಿತು. ನಾನು ನೋಡಿದೆ, ನನ್ನ ಹೆಂಡತಿಗೆ ತೋರಿಸಿದೆ, ಅಂಗಳದ ಬಿಸಿಲಿಗೆ ಹಿಡಿದು ಮತ್ತೆ ನೋಡಿದೆ. ಇದು ಇಟ್ಟಿಗೆ ಬಣ್ಣ. ಹೊಸ ಇಟ್ಟಿಗೆಯೂ ಅಲ್ಲ, ಮಳೆಯಲ್ಲಿ ನೆನೆದ ಇಟ್ಟಿಗೆ. ಆ ಪರೀಕ್ಷೆಯಲ್ಲಿ ಈ ಬಣ್ಣ ಬರುವುದಕ್ಕೆ ಸಾಧ್ಯವೇ ಇಲ್ಲ. ತೊಟ್ಟಿಗೆ ಇಡೀ ಮೀನಂಗಡಿಯನ್ನೇ ಸುರಿದರೂ ಬರುವುದಿಲ್ಲ.

ತಪ್ಪು ದಾರ ಚುಚ್ಚಿರಬಹುದು, ಪೆಟ್ಟಿಗೆಯಲ್ಲಿ ಕಲೆತುಹೋಗಿರಬಹುದು. ಬೇರೆ ಏನೂ ಇಲ್ಲವಲ್ಲ?

ಇನ್ನೊಂದು ಮಾತು. 'ಉಳಿದವೂ' ಎಂದು ಬರೆದಿದ್ದೀರಿ. ಉಳಿದವು ಎಂದರೆ ಎಷ್ಟು ಭಾವ?

ನಿಮ್ಮ ಮೈದುನ


ಮಾರ್ಚ್ ೨೪, ಸೋಮವಾರ

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಡೇಟೆಡ್ ಇಪ್ಪತ್ತು.

ದಾರ ಸರಿಯಾಗಿಯೇ ಇತ್ತು. ನಿನಗೆ ಕಿವಿಯ ಜೊತೆ ಕಣ್ಣೂ ಕೈಕೊಟ್ಟಿದ್ದರೆ ನಾನೇನು ಮಾಡಲಿ. ಮೂವತ್ತು ವರ್ಷ ಕಾಗದದ ಗಿರಣಿಯ ಆಫೀಸಿನಲ್ಲಿ ಟೈಪ್ ಮಾಡಿದ್ದೇನೆ, ಒಂದು ಅಕ್ಷರ ತಪ್ಪಿಲ್ಲ. ದಾರ ಆರಿಸಲು ಬಾರದವನಲ್ಲ.

ಉಳಿದವು ಎಂದರೆ ಹೆಡ್‌ಕ್ಲರ್ಕ್ ಬಿಟ್ಟು ಎಂಟು. ಲೆಕ್ಕ ಬರುತ್ತದೆ ನನಗೆ. ನೀನು ಕೇಳುವ ಧಾಟಿ ನನಗೆ ಅರ್ಥವಾಗುತ್ತದೆ. ಅಂದು ಕೇಳಿದ್ದನ್ನೇ ಇಂದೂ ಕೇಳುತ್ತಿದ್ದೀಯ, ದಾರಿ ಮಾತ್ರ ಬೇರೆ. ಮೀನು ಕೊಡುವುದಿಲ್ಲ.

ಒಂಬತ್ತೂ ಚೆನ್ನಾಗಿವೆ.

ಯುವರ್ಸ್ ಫೇತ್‌ಫುಲಿ


ಮಾರ್ಚ್ ೩೧, ಸೋಮವಾರ

ಭಾವ,

ಕೋಪ ಆಮೇಲೆ ಮಾಡಿಕೊಳ್ಳಿ, ಮೊದಲು ಇದನ್ನು ಓದಿ. ನೀರು ಬದಲಿಸುವುದನ್ನು ಇವತ್ತೇ ನಿಲ್ಲಿಸಿ. ಸ್ಪಂಜನ್ನು ಮುಟ್ಟಬೇಡಿ.

ನಿಮ್ಮ ದಾರ ನನಗೆ ನಿದ್ದೆ ಕೊಡಲಿಲ್ಲ. ಪ್ಲಾಂಟಿಗೆ ಹೋದೆ. ನಿವೃತ್ತನಾಗಿ ಹನ್ನೊಂದು ವರ್ಷವಾಯಿತು, ಗೇಟಿನವನಿಗೇ ನನ್ನ ಗುರುತಿಲ್ಲ. ಒಳಗೆ ನನ್ನ ಕುರ್ಚಿಯಲ್ಲಿ ಈಗೊಬ್ಬಳು ಕೆಮಿಸ್ಟ್, ನನ್ನ ಮಗಳ ವಯಸ್ಸು. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟಳು: "ಈಗ ತುಂಬಾ ಊರುಗಳಲ್ಲಿ ಬರೀ ಕ್ಲೋರಿನ್ ಹಾಕಲ್ಲ ಸಾರ್. ಕ್ಲೋರಿನ್ ಜೊತೆ ಅಮೋನಿಯಾ ಸೇರಿಸ್ತೀವಿ. ಪೈಪಿನಲ್ಲಿ ದೂರದವರೆಗೆ ಉಳಿಯುತ್ತೆ." ನಿಮ್ಮ ಊರಿನ ಕಚೇರಿಗೂ ಅವಳೇ ಫೋನ್ ಮಾಡಿದಳು. ಅಲ್ಲಿ ಜನವರಿಯಿಂದ ಹೀಗೇ. ಮನೆಮನೆಗೆ ನೋಟಿಸು ಹಂಚಿದ್ದಾರಂತೆ.

ಈ ಜೋಡಿ ಒಂದು ದಿನ ಇಟ್ಟರೂ ಹಾರಿಹೋಗುವುದಿಲ್ಲ. ನಿಮ್ಮ ಹನಿ ಕ್ಲೋರಿನ್ನನ್ನು ಮುರಿದರೆ ಅಮೋನಿಯಾ ತೊಟ್ಟಿಯಲ್ಲೇ ಉಳಿಯುತ್ತದೆ. ಅದನ್ನು ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ಇರುವುದೇ ಆ ಸ್ಪಂಜಿನ ಲೋಳೆಯಲ್ಲಿ. ಅದನ್ನು ಆ ನೀರಿನಿಂದಲೇ ತೊಳೆಯಿರಿ ಎಂದವನು ನಾನು. ದಿನಾ ನಾಲ್ಕು ಬಕೆಟ್ ಎಂದವನೂ ನಾನು. ವಿಷ ನಲ್ಲಿಯಲ್ಲೇ ಇತ್ತು. ಇಲ್ಲ ಎಂದು ಬರೆದಿಟ್ಟುಕೊಳ್ಳಿ ಎಂದೆ. ಎಷ್ಟು ಉಳಿದಿವೆ ಎಂದು ಕೇಳುವ ಧೈರ್ಯವೂ ಈಗ ನನಗಿಲ್ಲ.

ಇನ್ನು ಹೇಳಬಾರದೆಂದಿದ್ದ ಮಾತು. ಮೀನು ಕೇಳಿದ್ದು ನನ್ನ ಆಸೆಗಲ್ಲ. ಆಸ್ಪತ್ರೆಯಲ್ಲಿ ನೀವು ಔಷಧಿ ತರಲು ಕೆಳಗೆ ಹೋಗಿದ್ದಾಗ ಅಕ್ಕ ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು: "ನಿಮ್ಮ ಭಾವಂಗೆ ಕೆಂಪು ಹಸಿರು ಗೊತ್ತಾಗಲ್ಲ ಕಣೋ. ಆ ಪರೀಕ್ಷೆ ಅವರ ಕೈಲಾಗಲ್ಲ. ಮೀನು ನೀನು ತಗೊಂಡು ಹೋಗು. ಕಾರಣ ಮಾತ್ರ ಹೇಳಬೇಡ. ಮೂವತ್ತೆಂಟು ವರ್ಷ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದಾರೆ." ನೀವು ಸಿಡುಕಿದಿರಿ, ನಾನು ಬಾಯಿ ಮುಚ್ಚಿಕೊಂಡೆ. ದಾರ ಬಂದಾಗಲೂ ಮುಚ್ಚಿಕೊಂಡೇ ಬರೆದೆ.

ಈಗ ಮಾಡಬೇಕಾದ್ದು. ಅಮೋನಿಯಾವನ್ನೂ ಕಟ್ಟಿಹಾಕುವ ಹನಿ ಎಂದು ಲೇಬಲ್ಲಿನ ಮೇಲೆ ಇರುವ ಸೀಸೆ ತನ್ನಿ, ಇಂಗ್ಲಿಷ್ ನೀವೇ ಓದಿಕೊಳ್ಳಿ. ಮೀನಂಗಡಿಯವನ ತೊಟ್ಟಿಯಲ್ಲಿ ಓಡುತ್ತಿರುವ ಹಳೇ ಸ್ಪಂಜೊಂದನ್ನು, ಎಷ್ಟೇ ಅಸಹ್ಯವಾಗಿರಲಿ, ಕೇಳಿ ತಂದು ಹಾಕಿ. ಮೀನಿಗೆ ಹಾಕುವ ಕಾಳು ಕಡಿಮೆ ಮಾಡಿ. ನೀರು ವಾರಕ್ಕೊಂದು ಬಕೆಟ್. ಕಟ್ಟಿಹಾಕಿದ ಅಮೋನಿಯಾವೂ ಪರೀಕ್ಷೆಯಲ್ಲಿ ಬಣ್ಣ ತೋರಿಸುತ್ತದಂತೆ, ಹೆದರಬೇಡಿ. ಬಣ್ಣ ನೋಡುವುದೇ ಬೇಡ. ಎರಡು ಕೊಳವೆ ಇಡಿ, ಒಂದರಲ್ಲಿ ನಲ್ಲಿಯ ನೀರು, ಒಂದರಲ್ಲಿ ತೊಟ್ಟಿಯ ನೀರು. ಯಾವುದು ಕಪ್ಪಗೆ, ಯಾವುದು ತೆಳ್ಳಗೆ ಎಂದು ಮಾತ್ರ ನೋಡಿ. ತೊಟ್ಟಿಯದು ನಲ್ಲಿಯದಕ್ಕಿಂತ ತೆಳ್ಳಗಾದ ದಿನ, ಸ್ಪಂಜು ತಿನ್ನುತ್ತಿದೆ ಎಂದು ಅರ್ಥ.

ಬರಲೇ ಎಂದು ಕೇಳುತ್ತಿದ್ದೇನೆ. ಒಯ್ಯಲೇ ಎಂದು ಕೇಳುತ್ತಿಲ್ಲ.

ನಿಮ್ಮ ಮೈದುನ


ಏಪ್ರಿಲ್ ೧೨, ಶನಿವಾರ

ಭಾವಮೈದನಿಗೆ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎಲ್ಲಿಂದ ಹಿಡಿಯಲಿ ಎಂದೇ ತಿಳಿಯದೆ ಎದ್ದುಬಿಡುತ್ತಿದ್ದೆ. ಈಗಲೂ ತಿಳಿದಿಲ್ಲ.

ಎರಡು. ಮೊದಲು ಅದನ್ನು ಹೇಳಿಬಿಡುತ್ತೇನೆ. ಉಳಿದಿರುವುದು ಎರಡು. ಒಂಬತ್ತೂ ಚೆನ್ನಾಗಿವೆ ಎಂದು ಮೊದಲ ಸಲ ಬರೆದಾಗ ಇದ್ದದ್ದು ಎಂಟು. ಅವತ್ತೇ ಎಂಟು ಎಂದಿದ್ದರೆ ನೀನು ಬೇರೆ ರೀತಿ ಯೋಚಿಸುತ್ತಿದ್ದೆ, ನೀನೇ ಬರೆದಿದ್ದೀಯಲ್ಲ. ಆ ಸಾಲನ್ನು ಮೊದಲು ಓದಿದಾಗ ನನಗೆ ತಟ್ಟಲೇ ಇಲ್ಲ. ಈಗ ಊಟಕ್ಕೆ ಕೂತರೆ ಅದೇ. ಆದ್ದರಿಂದ ಕೊಂದವನು ನಾನು ನಾನು ಎಂದು ನೀನೊಬ್ಬನೇ ಹೊರಬೇಡ. ನೀನು ತಪ್ಪು ಹೇಳಿದೆ, ನಾನು ಸುಳ್ಳು ಹೇಳಿದೆ. ಯಾರದು ಎಷ್ಟು ಎಂದು ಯೋಚಿಸಿದರೆ ತಲೆ ಗಿರ್ರೆನ್ನುತ್ತದೆ. ಹೆಡ್‌ಕ್ಲರ್ಕ್ ಹೋದದ್ದು ನಿನ್ನ ಇಟ್ಟಿಗೆ ಕಾಗದ ಬಂದ ದಿನ ಬೆಳಿಗ್ಗೆ. ಅದಕ್ಕೇ ಹಾಗೆ ಯುವರ್ಸ್ ಫೇತ್‌ಫುಲಿ ಎಂದೆಲ್ಲ ಬರೆದೆ. ಉಳಿದ ಎರಡೂ ಹೆಸರಿಲ್ಲದವು, ಚಿಕ್ಕವು. ಮೂಲೆಯಲ್ಲಿ ಇರುತ್ತಿದ್ದವು, ನಾನು ಸರಿಯಾಗಿ ನೋಡಿಯೂ ಇರಲಿಲ್ಲ.

ಆಮೇಲೆ ಆ ನೋಟಿಸು. ನೆನಪಿದೆಯಾ, ಕೊಳವೆಯ ಕೆಳಗೆ ಬಿಳಿ ಕಾಗದ ಹಾಸಿದ್ದೆ ಎಂದಿದ್ದೆ. ನಿನ್ನ ಕಾಗದ ಓದಿ ಅದನ್ನು ಮಗುಚಿದೆ. ಅದೇ. ಡಿಯರ್ ಕನ್ಸ್ಯೂಮರ್ ಎಂದು ಶುರುವಾಗಿ, ನೀರಿನಲ್ಲಿ ಏನು ಬದಲಾಯಿತು, ಮೀನು ಸಾಕುವವರು ಏನು ಮಾಡಬೇಕು, ಎಲ್ಲ ಇದೆ. ಮೂರು ವಾರ ಅದರ ಬೆನ್ನಿನ ಮೇಲೆ ಕೊಳವೆ ಇಟ್ಟು ನೀರಿಗೆ ಏನಾಗಿದೆ ಎಂದು ನೋಡುತ್ತಿದ್ದೆ. ಮೂವತ್ತು ವರ್ಷ ಇಂಗ್ಲಿಷ್ ಟೈಪ್ ಮಾಡಿದವನಿಗೆ ಇಂಗ್ಲಿಷ್ ಕಂಡರೆ ಓದಬೇಕು ಎನಿಸುವುದಿಲ್ಲ, ಬೆರಳು ಮಾತ್ರ ಅಲ್ಲಾಡುತ್ತದೆ.

ಕಣ್ಣಿನ ವಿಷಯ. ರೈಲ್ವೆ ಗಾರ್ಡ್ ಕೆಲಸ ಎತ್ತರ ಸಾಲದೆ ತಪ್ಪಿತು ಎಂದು ನಿಮ್ಮಪ್ಪನಿಗೆ ಹೇಳಿದ್ದೆ. ಅಲ್ಲ. ಚುಕ್ಕೆಚುಕ್ಕೆಯ ಪುಸ್ತಕ ಕೊಟ್ಟು ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದರು. ನನಗೆ ಬರೀ ಚುಕ್ಕೆ ಕಂಡವು. ಅದನ್ನು ಹೆಣ್ಣು ಕೊಡುವವರಿಗೆ ಯಾರು ಹೇಳುತ್ತಾರೆ? ಮದುವೆಯಾದ ಮೇಲೆ ಹೇಳೋಣ ಎಂದುಕೊಂಡೆ, ಆಮೇಲೆ ತಡವಾಯಿತು, ಆಮೇಲೆ ತೀರಾ ತಡವಾಯಿತು. ಅವಳಿಗೆ ಗೊತ್ತೇ ಇಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಈಗ ಕೂತು ಯೋಚಿಸಿದರೆ, ನನ್ನ ಕಾಲುಚೀಲ ಯಾಕೆ ಯಾವಾಗಲೂ ಜೋಡಿ ಗಂಟು ಹಾಕಿರುತ್ತಿದ್ದವು? ಹಣ್ಣು ತರಲು ನನ್ನನ್ನು ಎಂದೂ ಕಳಿಸಲಿಲ್ಲ. ಚೌಕಾಸಿ ಬಾರದವನು ಎಂದು ಬಿಟ್ಟಳೇನೋ ಎಂದುಕೊಂಡಿದ್ದೆ. ಒಮ್ಮೆ ಸೀರೆ ತೋರಿಸಿ, "ಈ ಹಸಿರು ನನಗೆ ಒಪ್ಪುತ್ತಲ್ವಾ?" ಎಂದಳು. ಹಸಿರು ಎಂದು ಅವಳೇ ಹೇಳಿಕೊಟ್ಟು ಕೇಳುತ್ತಿದ್ದಳು. ಯಾವಾಗಲೂ ಹಾಗೇ ಕೇಳುತ್ತಿದ್ದಳು. ನಾನು ಅವಳಿಂದ ಮುಚ್ಚಿಟ್ಟೆ, ಅವಳು ಗೊತ್ತಿರುವುದನ್ನು ನನ್ನಿಂದ ಮುಚ್ಚಿಟ್ಟಳು. ಇಬ್ಬರೂ ಸೇರಿ ಒಂದೇ ಮನೆಯಲ್ಲಿ ಯಾರಿಂದ ಮುಚ್ಚಿಡುತ್ತಿದ್ದೆವೋ. ಇದಕ್ಕೆ ನಗಬೇಕೋ ಅಳಬೇಕೋ ನನಗಿನ್ನೂ ಗೊತ್ತಾಗಿಲ್ಲ. ಮೊನ್ನೆ ತೊಟ್ಟಿ ಒರೆಸುತ್ತಾ ಎರಡೂ ಆಯಿತು.

ನೀನು ಹೇಳಿದ್ದೆಲ್ಲ ಮಾಡಿದೆ. ಸ್ಪಂಜು ಕೇಳಿದಾಗ ಮೀನಂಗಡಿಯವನು ಗಾಬರಿಯಾದ.

"ಹೊಸದು ಕೊಡ್ತೀನಿ ಸಾರ್, ಇದು ಗಬ್ಬೆದ್ದು ಹೋಗಿದೆ."

"ಗಬ್ಬೆದ್ದಿರೋದೇ ಬೇಕು. ತೊಳೀಬೇಡ."

"ನಿಮಗೆ ಯಾರು ಹೇಳಿದ್ರು?"

"ನಮ್ಮ ಮೈದುನ. ನೀರಿನೋನು."

ಬರಿಗೈಯಲ್ಲಿ ಮುಟ್ಟದೆ ಇಕ್ಕಳದಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ನಾನು ಅದನ್ನು ಎದೆಗವಚಿಕೊಂಡು ತಂದೆ, ಅಂಗಿಯೆಲ್ಲ ಕಲೆ. ಯಾವ ಬಣ್ಣದ ಕಲೆ ಎಂದು ನನ್ನನ್ನು ಕೇಳಬೇಡ.

ದಿನಾ ಮಧ್ಯಾಹ್ನ ಕಿಟಕಿಯಲ್ಲಿ ಎರಡು ಕೊಳವೆ. ಮೊದಲ ನಾಲ್ಕು ದಿನ ಎರಡೂ ಒಂದೇ ಥರ, ಒಂದು ದಿನ ತೊಟ್ಟಿಯದೇ ಕಪ್ಪು. ಕಟ್ಟಿಹಾಕಿದ್ದೂ ಬಣ್ಣ ತೋರಿಸುತ್ತದೆ ಎಂದಿದ್ದೀಯಲ್ಲ, ಅದನ್ನು ನಾಲ್ಕು ಸಲ ಓದಿಕೊಂಡೆ. ಗುರುವಾರ ತೊಟ್ಟಿಯದು ತುಸು ತೆಳ್ಳಗೆ ಕಂಡಿತು. ನಿನ್ನೆಯೂ. ಇವತ್ತು ಹನ್ನೆರಡು ಗಂಟೆಗೆ ಕೊಳವೆಗಳ ಜಾಗ ಅದಲುಬದಲು ಮಾಡಿ, ಕಣ್ಣು ಮುಚ್ಚಿ ತೆರೆದು ನೋಡಿದೆ. ತೊಟ್ಟಿಯದೇ ತೆಳ್ಳಗೆ. ಟೈಲರಮ್ಮ ಆಗಷ್ಟೇ ಮೆಟ್ಟಿಲಿಳಿದು ಹೋದರು. ಕರೆದು ತೋರಿಸಲಿಲ್ಲ. ನನಗೆ ಕಂಡದ್ದು ಸರಿ ಎಂದೇ ಎನಿಸಿತು.

ಅದಕ್ಕೆ ಹೀಗೆ ಮಾಡೋಣ. ನೀನು ಬಾ. ಬರುವಾಗ ಮುಚ್ಚಳವಿರುವ ಬಕೆಟ್ ತಾ, ಹೌದು, ನಾನೇ ಹೇಳುತ್ತಿದ್ದೇನೆ. ಎಂಟು ದಿನ ಇರು. ದಿನಾ ನಾನು ಕಪ್ಪು ತೆಳ್ಳಗೆ ಎಂದು ನೋಡಿ ಹೇಳುತ್ತೇನೆ, ನೀನು ಹಳದಿ ಹಸಿರು ಎಂದು ನೋಡಿ ಹೇಳು. ಎಂಟೂ ದಿನ ಎರಡೂ ಹೊಂದಿದರೆ ಮೀನು ಇಲ್ಲಿಯೇ ಇರಲಿ. ಒಂದು ದಿನ ತಪ್ಪಿದರೂ ತೆಗೆದುಕೊಂಡು ಹೋಗು. ನಾನು ಬಸ್ಸಿನವರೆಗೆ ಬಕೆಟ್ ಹಿಡಿದುಕೊಂಡು ಬರುತ್ತೇನೆ, ಸಿಡುಕುವುದಿಲ್ಲ. ಅವಳು ಕೇಳಿದ್ದು ಅವು ಬದುಕಲಿ ಎಂದು, ನನ್ನ ಹತ್ತಿರವೇ ಇರಲಿ ಎಂದಲ್ಲ. ಇಷ್ಟು ಅರ್ಥವಾಗಲು ನನಗೆ ಏಳು ಮೀನು ಬೇಕಾಯಿತು.

ಕಿವಿಯ ಯಂತ್ರ ಹಾಕಿಕೊಂಡು ಬಾ. ಎಂಟು ದಿನ ನಾನು ಕಿರುಚಲಾರೆ.

ಇದನ್ನು ಬರೆಯುತ್ತಾ ಮತ್ತೊಮ್ಮೆ ತೊಟ್ಟಿಯ ಕಡೆ ನೋಡಿದೆ. ಚಿಕ್ಕವೆರಡೂ ಸ್ಪಂಜಿನ ಹತ್ತಿರ ಬಾಯಾಡಿಸುತ್ತಿವೆ. ನಿನ್ನಕ್ಕ ಇವನ್ನು ಕಿತ್ತಳೆ ಎನ್ನುತ್ತಿದ್ದಳು. ನನಗೆ ಒದ್ದೆ ಮರಳಿನ ಹಾಗೆ ಕಾಣುತ್ತವೆ, ಮೊದಲಿನಿಂದಲೂ. ಒಂದು ಈ ಕಡೆ ತಿರುಗಿತು, ಇನ್ನೊಂದು ಎಲ್ಲಿ ಹೋಯಿತು, ಹಾಂ, ಹಿಂದೆ ಇದೆ. ಅಕ್ಷರ ಸಾಲು ತಪ್ಪುತ್ತಿದೆ, ಬೆಳಕು ಹೋಗುತ್ತಿದೆ. ಈ ಹೊತ್ತಿನಲ್ಲಿ ನೀನು ಇಲ್ಲಿ ಕೂತಿದ್ದರೆ, ನಿನಗೂ ಇವು ಹೀಗೇ ಕಾಣುತ್ತಿದ್ದವು.

ನಿನ್ನ ಭಾವ